ಎರಡು ಟ್ರಾನ್ಸಿಸ್ಟರ್‌ನಿಂದ ಕರ್ನಲ್‌ಗೆ ಎಂಟ್ರೊಪಿ: ನನ್ನ ಅನುಭವ

ಈ ಬೇಸಿಗೆ ಪೂರ್ತಿ ನಮ್ಮ ಪಂಪ್ ಕಂಟ್ರೋಲರ್ ಒಂದೂ ಬೂಟ್‌ನಲ್ಲಿ ನಿಂತಿಲ್ಲ. "ಟ್ರಾನ್ಸಿಸ್ಟರ್ ಗದ್ದಲ ನಂಬಿ ಕೀ ಮಾಡ್ತೀರಾ?" ಎಂದವರೇ ಈಗ ಸರ್ಕ್ಯೂಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ರಹಸ್ಯ ಕೀ ಮಾಡಲು ಯಾರೂ ಊಹಿಸಲಾಗದ ಬಿಟ್‌ಗಳು ಬೇಕು; ಆ ಊಹೆಗೆ ಸಿಗದ ಗುಣದ ಅಳತೆಯೇ ಎಂಟ್ರೊಪಿ. ಅದನ್ನು ಟ್ರಾನ್ಸಿಸ್ಟರ್ ಗದ್ದಲದಿಂದ (ನಾಯ್ಸ್) ತೆಗೆದ ಕಥೆ ಇದು.

ನಾವು ಬೆಳಗಾವಿಯ ಉದ್ಯಮಬಾಗದಲ್ಲಿ ಬೋರ್ಡ್ ಜೋಡಿಸುತ್ತೇವೆ. ಹೋಗುವುದು ಅಥಣಿ, ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಹೊಲಗಳಿಗೆ. ಹಳೇ ಎಆರ್‌ಎಂ9 ಚಿಪ್, ಲಿನಕ್ಸ್ ಕರ್ನಲ್ 4.14. ಚಿಪ್‌ನಲ್ಲಿ ಆರ್‌ಎನ್‌ಜಿ (ಯಾದೃಚ್ಛಿಕ ಬಿಟ್ ಕೊಡುವ ಭಾಗ) ಇಲ್ಲ, ಕ್ಲಾಕ್ ಮಿಡಿತ ಎಣಿಸುವ ಸೈಕಲ್ ಕೌಂಟರ್ ಇಲ್ಲ. ಕರ್ನಲ್ ಎಂಟ್ರೊಪಿ ಕೂಡಿಸಿಕೊಳ್ಳುವ ಕೀಬೋರ್ಡ್, ಡಿಸ್ಕ್ ಅಂತೂ ಮೊದಲೇ ಇಲ್ಲ. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಬೋರ್ಡ್ ಏಳಬೇಕು, ಟಿಎಲ್‌ಎಸ್‌ನಲ್ಲಿ (ಗುಪ್ತ ಸಂಪರ್ಕ, ಇದಕ್ಕೇ ಕೀ ಬೇಕು) ಸರ್ವರ್ ಹಿಡಿಯಬೇಕು, ಮೋಟರ್ ಶುರು ಮಾಡಬೇಕು. ಆದರೆ ಗೆಟ್‌ರ‍್ಯಾಂಡಮ್ ಕರೆ (ಕರ್ನಲ್‌ನಿಂದ ಯಾದೃಚ್ಛಿಕ ಬಿಟ್ ಕೇಳುವುದು) ಸಾಕಷ್ಟು ಎಂಟ್ರೊಪಿ ಸಿಗುವವರೆಗೆ ಅಲ್ಲೇ ಕೂತುಬಿಡುತ್ತಿತ್ತು, ಕೆಲವೊಮ್ಮೆ ನಾಲ್ಕೈದು ನಿಮಿಷ. ಅಷ್ಟರಲ್ಲಿ ಫೋನ್: "ಸರ್ರ, ಕರೆಂಟ್ ಬಂದೈತಿ, ಮೋಟರ್ ಯಾಕ ಚಾಲೂ ಆಗವಲ್ದು?"

ಸುಮ್ನೆ ಯುರ‍್ಯಾಂಡಮ್‌ನಿಂದ ಓದಿ ಎಂದರು. ಅದೂ ಕರ್ನಲ್‌ನಿಂದ ಬಿಟ್ ಪಡೆಯುವ ಇನ್ನೊಂದು ದಾರಿ. ನಿಜ, 4.14ರಲ್ಲಿ ಅದು ನಿಲ್ಲುವುದಿಲ್ಲ. ಸೀಡ್ (ಶುರುವಿನ ಎಂಟ್ರೊಪಿ) ಇಲ್ಲದೆಯೂ ಕೊಟ್ಟುಬಿಡುತ್ತದೆ, ಅದೇ ಅಪಾಯ. 2012ರಲ್ಲಿ ಇಂಟರ್‌ನೆಟ್ ಜಾಲಾಡಿದ ಸಂಶೋಧಕರಿಗೆ ಎಷ್ಟೋ ರೂಟರ್‌ಗಳಲ್ಲಿ ಒಂದೇ ಕೀ ಸಿಕ್ಕಿದ್ದಕ್ಕೆ ಇದೂ ಕಾರಣ.

ಹಿಂದಿನ ಸಲದ ಬಿಟ್‌ಗಳನ್ನು ಉಳಿಸಿಟ್ಟು ಮುಂದಿನ ಬೂಟ್‌ಗೆ ಕೊಡುವ ಸೀಡ್ ಫೈಲ್ ನಮ್ಮಲ್ಲಿ ನಡೆಯಲಿಲ್ಲ. ಕರೆಂಟ್ ಹೇಳಿ ಹೋಗುತ್ತದಾ? ಸರಿಯಾಗಿ ಶಟ್‌ಡೌನ್ ಆಗದೆ ನಮ್ಮಲ್ಲಿ ಹೊಸ ಸೀಡ್ ಉಳಿಯುತ್ತಿರಲಿಲ್ಲ, ಹಳೆಯದೇ ಮತ್ತೆ ಬರುತ್ತಿತ್ತು. ಜೊತೆಗೆ ಬೋರ್ಡ್‌ಗಳ ಮೆಮೊರಿ ಕಾರ್ಡ್‌ಗಳೆಲ್ಲ ಒಂದೇ ಇಮೇಜ್‌ನ ನಕಲು, ಸೀಡ್ ಕೂಡ ಒಂದೇ. ಪ್ರೊಸೆಸರ್ ಸಮಯದ ಏರಿಳಿತದಿಂದ ಎಂಟ್ರೊಪಿ ತೆಗೆಯುವ ಹ್ಯಾವೆಜ್‌ಡಿ ಪ್ರೋಗ್ರಾಂ ಹಾಕಿದೆವು; ಸೈಕಲ್ ಕೌಂಟರ್ ಇಲ್ಲದ ಚಿಪ್‌ನಲ್ಲಿ ಅದರ ಮಾತು ನಂಬಲು ಮನಸ್ಸಾಗಲಿಲ್ಲ. ಬೇರೆ ಆರ್‌ಎನ್‌ಜಿ ಚಿಪ್ ಎಂದರೆ ಬೋರ್ಡಿಗೆ ಸುಮಾರು 200 ರೂಪಾಯಿ. ನಮಗೆ ಉಳಿಯುವುದೇ 600ರ ಆಸುಪಾಸು. ಯುಎಸ್‌ಬಿ ಆರ್‌ಎನ್‌ಜಿ ಡಾಂಗಲ್ ಬೆಲೆ ಕೇಳಿ ಫೋನ್ ಇಟ್ಟೆ.

ರಿಲೇಗೆ 12 ವೋಲ್ಟ್ ಹೇಗೂ ಬೋರ್ಡ್ ಮೇಲಿತ್ತು. ಒಂದು ಬಿಸಿ547 ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್‌ಗೆ ಅದನ್ನು ಉಲ್ಟಾ ಕೊಟ್ಟೆ, ಕಲೆಕ್ಟರ್ ಖಾಲಿ. ಹೀಗೆ ಉಲ್ಟಾ ಕೊಟ್ಟಾಗ ಅದು ಗದ್ದಲ ಹುಟ್ಟಿಸುತ್ತದೆ. ಇನ್ನೊಂದು 547 ಆ ಗದ್ದಲವನ್ನು ದೊಡ್ಡದು ಮಾಡಿ ಖಾಲಿ ಇದ್ದ ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಚಾನೆಲ್‌ಗೆ ಕೊಡುತ್ತದೆ. ಎಲ್ಲ ಸೇರಿ ಹತ್ತು ರೂಪಾಯಿ ಆಗಲಿಲ್ಲ. ಹೀಗೆ ಓಡಿಸಿದರೆ ಟ್ರಾನ್ಸಿಸ್ಟರ್‌ನ ಗೇನ್ (ದೊಡ್ಡದು ಮಾಡುವ ಶಕ್ತಿ) ಸಾಯುತ್ತದೆ ಎಂದು ಹೆದರಿಸಿದರು. ಸಾಯಲಿ, ಮೊದಲನೆಯದರ ಗೇನ್ ನಮಗೆ ಬೇಕಾಗಿಯೇ ಇಲ್ಲ.

ಮೊದಲ ಬ್ಯಾಚ್‌ನಲ್ಲಿ ಸ್ಕೋಪ್ ಹಿಡಿದರೆ 50 ಹರ್ಟ್ಸ್ ಅಲೆ ದಪ್ಪಗೆ ಕುಣಿಯುತ್ತಿತ್ತು, ಗದ್ದಲ ಅದರ ಮೇಲೆ ಹುಲ್ಲಿನಂತೆ ಎದ್ದಿತ್ತು. ಮೋಟರ್ ಕೇಬಲ್ ಪಕ್ಕದಲ್ಲೇ ಇತ್ತಲ್ಲ! ಟ್ರ್ಯಾಕ್ ಸರಿಸಿದೆವು, ಕೆಳಗಿನ 2 ಬಿಟ್ ಮಾತ್ರ ತೆಗೆದುಕೊಂಡೆವು. ಬಯಾಸ್ ರೆಸಿಸ್ಟರ್ ಎಷ್ಟು, ಸ್ಯಾಂಪಲ್ ಯಾವ ಹೊತ್ತಿಗೆ ತೆಗೆಯುತ್ತೇವೆ, ಇವೆರಡು ನನ್ನ ಹತ್ತಿರವೇ ಇರಲಿ.

ಪರೀಕ್ಷೆ ಮಾತ್ರ ಕಚ್ಚಾ ಬಿಟ್‌ಗಳ ಮೇಲೇ ಮಾಡಿ. ಹ್ಯಾಶ್ (ಬಿಟ್‌ಗಳನ್ನು ಕಲಸುವ ಲೆಕ್ಕ) ಆದ ಮೇಲೆ 1, 2, 3 ಎಂದು ಎಣಿಸುವ ಕೌಂಟರ್ ಕೂಡ ಪಾಸಾಗುತ್ತದೆ. ಎಂಟ್ರೊಪಿ ಅಳೆಯುವ, ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ 800-90ಬಿ ಟೂಲ್ ಪ್ರತಿ ಬಿಟ್‌ಗೆ ಅರ್ಧ ಬಿಟ್‌ಗಿಂತ ತುಸು ಜಾಸ್ತಿ ಎಂಟ್ರೊಪಿ ಹೇಳಿತು. ನಾನು ಈ ಬಿಟ್‌ಗಳನ್ನು ಕರ್ನಲ್‌ಗೆ ಕೊಡುವ ಎಚ್‌ಡಬ್ಲ್ಯುಆರ್‌ಎನ್‌ಜಿ (ಹಾರ್ಡ್‌ವೇರ್ ಆರ್‌ಎನ್‌ಜಿ) ಡ್ರೈವರ್‌ನಲ್ಲಿ ಕ್ವಾಲಿಟಿ, ಅಂದರೆ 1024 ಬಿಟ್‌ಗೆ ಎಷ್ಟು ಬಿಟ್ ಎಂಟ್ರೊಪಿ ಎಂಬುದನ್ನು, 100 ಎಂದಷ್ಟೇ ಬರೆದೆ. ಹೀಗೆ ಜಿಪುಣತನ ಮಾಡಿದರೂ ಒಂದು ಸೆಕೆಂಡಿನೊಳಗೆ ಕರ್ನಲ್‌ನಿಂದ "ಸಿಆರ್‌ಎನ್‌ಜಿ ಇನಿಟ್ ಡನ್", ಅಂದರೆ ಸೀಡ್ ಸಾಕು ಎಂಬ ಸಂದೇಶ ಬರುತ್ತದೆ. ಎಡಿಸಿಯಿಂದ ಒಂದೇ ಅಂಕಿ ಸಾಲಾಗಿ ಬಂದರೆ ಟ್ರಾನ್ಸಿಸ್ಟರ್ ಸತ್ತಿದೆ ಎಂದು ಡ್ರೈವರ್ ಏನೂ ಕೊಡುವುದಿಲ್ಲ.

ಟೈಮರ್ ರಿಲೇ ಕಟ್ಟಿ ರಾತ್ರಿಯಿಡೀ ಕರೆಂಟ್ ತೆಗೆದು ಹಾಕಿಸಿದೆ. ಪ್ರತಿ ಬೂಟ್‌ನ ಮೊದಲ ಕಚ್ಚಾ ಬೈಟ್‌ಗಳ ಸಾಲು ಹೋಲಿಸಿದರೆ ಒಂದೂ ಮರುಕಳಿಸಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲು ನೆನಪಾಗಿ ಡಬ್ಬಿಯನ್ನು ಓವನ್‌ನಲ್ಲಿಟ್ಟು 70 ಡಿಗ್ರಿವರೆಗೆ ಏರಿಸಿದೆ. ಸರಾಸರಿ ಜರುಗಿತು, ಕೆಳಗಿನ ಬಿಟ್‌ಗಳಿಗೆ ಏನೂ ಆಗಲಿಲ್ಲ. ನಡುವೆ ಎಂಟ್ರೊಪಿ ಅಲ್ಲೂ ಸಿಗುತ್ತದೇನೋ ಎಂದು ಮೋಟರ್ ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ನ ಬಿಟ್‌ಗಳನ್ನೂ ನೋಡಿದೆ. ಮೋಟರ್ ನಿಂತಾಗ ಅಲ್ಲಿ ಬರೀ ಸೊನ್ನೆ, ಬಿಟ್ಟುಬಿಟ್ಟೆ.

ಹೊಸ ಕರ್ನಲ್‌ಗೆ ಹೋಗುವವರು ಒಂದು ನೋಡಿಕೊಳ್ಳಿ. 4.14ರಲ್ಲಿ ಕ್ವಾಲಿಟಿ ಬರೆಯದಿದ್ದರೆ ಸೊನ್ನೆ, ಕರ್ನಲ್ ತಾನಾಗಿ ತುಂಬಿಸಿಕೊಳ್ಳುವುದೇ ಇಲ್ಲ. 6.2ರಿಂದ ಬರೆಯದಿದ್ದರೆ ಪೂರ್ತಿ 1024 ಎಂದು ಹಿಡಿಯುತ್ತದೆ. ಇಂಥ ಸರ್ಕ್ಯೂಟ್‌ಗೆ ಅಷ್ಟು ಕೊಡಬೇಡಿ.