ಎಸ್ಟೇಟಿನ ಕೊಟ್ಟಿಗೆಯಲ್ಲಿ ದನ ಹಾಯ್ದರೆ ಪರಿಹಾರ ಕೇಳುವುದು ಹೇಗೆ?

ಕಾಫಿ ಎಸ್ಟೇಟುಗಳಲ್ಲಿ ಗೊಬ್ಬರಕ್ಕೆ, ಹಾಲಿಗೆ ಅಂತ ದನ ಸಾಕುತ್ತಾರೆ. ಹೋರಿ ಹಾಯ್ದರೆ, ಹೊಸದಾಗಿ ಕರು ಹಾಕಿದ ಹಸು ಒದ್ದರೆ, 'ನಿನ್ನ ಗ್ರಹಚಾರ' ಅಂದು ಆಳನ್ನು ಮನೆಗೆ ಕಳಿಸಿಬಿಡುತ್ತಾರೆ. ಅದು ಗ್ರಹಚಾರ ಅಲ್ಲ. ಕೆಲಸದ ಹೊತ್ತಲ್ಲಿ, ಆ ಕೆಲಸದಿಂದಲೇ ಆದ ಗಾಯಕ್ಕೆ ಮಾಲೀಕರು ಹೊಣೆ. 1923ರ ಪರಿಹಾರ ಕಾಯ್ದೆ ಹೇಳಿದ್ದೂ ಇದನ್ನೇ. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕಾಫಿ, ಟೀ, ಏಲಕ್ಕಿ, ರಬ್ಬರ್ ಎಸ್ಟೇಟಿನ ಕೆಲಸಗಾರರು ಇದರಡಿ ಬರುತ್ತಾರೆ, ದಿನಗೂಲಿಯವರೂ ಸೇರಿ.

ಮೊದಲು ಆಸ್ಪತ್ರೆ. ಅಲ್ಲಿ 'ಹೇಗಾಯ್ತು?' ಅಂತ ಡಾಕ್ಟರ್ ಕೇಳುತ್ತಾರಲ್ಲ, ಆ ಒಂದು ಉತ್ತರದ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಜೊತೆಗೆ ಬಂದ ಎಸ್ಟೇಟಿನ ರೈಟರ್ (ಲೆಕ್ಕ, ಹಾಜರಿ ಬರೆಯುವವರು) 'ಮನೇಲಿ ಜಾರಿ ಬಿದ್ದ ಅಂತ ಬರೆಸಿ' ಅಂದರೆ ಒಪ್ಪಬೇಡಿ. ಎಸ್ಟೇಟಿನ ಕೊಟ್ಟಿಗೆಯಲ್ಲಿ, ಕೆಲಸ ಮಾಡುವಾಗ, ದನ ಹಾಯ್ದಿದ್ದು ಅಂತಲೇ ಬರೆಸಿ. ಎಂಎಲ್‌ಸಿ, ಅಂದರೆ ಕಾನೂನಿನ ಕೆಲಸಕ್ಕೆ ಬರುವ ಗಾಯದ ದಾಖಲೆ, ಆಸ್ಪತ್ರೆಯಲ್ಲೇ ಮಾಡಿಸಿ, ಬಿಲ್ಲುಗಳನ್ನು ಇಟ್ಟುಕೊಳ್ಳಿ, ಚಿಕಿತ್ಸೆಯ ಖರ್ಚೂ ಮಾಲೀಕರೇ ಕೊಡಬೇಕು.

ಅದೇ ವಾರ ಮಾಲೀಕರಿಗೆ ಬರಹದಲ್ಲಿ ತಿಳಿಸಿ. ದಿನ, ಹೊತ್ತು, ಯಾವ ದನ, ಯಾರು ನೋಡಿದರು, ಇಷ್ಟು ಸಾಕು. ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿದರೆ ಒಳ್ಳೆಯದು. ಹಾಜರಿ ಪುಸ್ತಕದ, ಕೂಲಿ ಚೀಟಿಯ ಫೋಟೊ ಮೊಬೈಲ್‌ನಲ್ಲಿ ಇರಲಿ.

ಎಷ್ಟು ಸಿಗುತ್ತದೆ? ವಯಸ್ಸು 35, ತಿಂಗಳ ಕೂಲಿ 12,000 ಅಂತಿಟ್ಟುಕೊಳ್ಳಿ. ಆ ವಯಸ್ಸಿಗೆ ಕಾನೂನಿನ ಕೋಷ್ಟಕದಲ್ಲಿರುವ ಗುಣಕ 197.06. ಸಾವಾದರೆ ಕೂಲಿಯ ಅರ್ಧವನ್ನು ಅದರಿಂದ ಗುಣಿಸಬೇಕು, 11,82,360 ರೂಪಾಯಿ. ಇನ್ನು ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿಯಾದರೆ ಕೂಲಿಯ ಶೇ 60 ಹಿಡಿದು 14,18,832. ಕೊಂಬು ತಾಗಿ ಒಂದು ಕಣ್ಣು ಹೋಯಿತು, ಇನ್ನೊಂದು ಚೆನ್ನಾಗಿದೆ ಅಂದರೆ ಇದರ ಶೇ 40, ಅಂದರೆ ಸುಮಾರು 5,67,500. ಇಷ್ಟು ಬರಬೇಕಾದ ಕಡೆ ಐದು ಸಾವಿರ ಕೈಗಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ ಅಲ್ವಾ? ಹಾಗೆ ಒತ್ತಿಸಿಕೊಂಡ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಸಣ್ಣ ಗಾಯವಾಗಿ ಮೂರು ದಿನದೊಳಗೆ ಕೆಲಸಕ್ಕೆ ಮರಳಿದರೆ ಮಾತ್ರ ಪರಿಹಾರ ಇಲ್ಲ.

'ಹಗ್ಗ ಸರಿಯಾಗಿ ಹಿಡೀಲಿಲ್ಲ, ತಪ್ಪು ಅವನದೇ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಕುಡಿದಿದ್ದರೆ, ಅಥವಾ ಬೇಕಂತಲೇ ಸುರಕ್ಷತೆಯ ನಿಯಮ ಮೀರಿದ್ದರೆ ಮಾಲೀಕರು ತಕರಾರು ತೆಗೆಯಬಹುದು. ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆಗಿದ್ದರೆ ಆ ತಕರಾರೂ ನಿಲ್ಲುವುದಿಲ್ಲ.

ಹಣ ಒಂದು ತಿಂಗಳಲ್ಲಿ ಬರಬೇಕು. ತಡವಾದರೆ ಶೇ 12 ಬಡ್ಡಿ, ಕಾರಣವಿಲ್ಲದೆ ತಡ ಮಾಡಿದರೆ ಶೇ 50ರವರೆಗೆ ದಂಡ. ಕೊಡದಿದ್ದರೆ ಸುಮ್ನೆ ಕಾಯಬೇಡಿ, ಅಪಘಾತವಾಗಿ ಎರಡು ವರ್ಷ ತುಂಬುವ ಮೊದಲೇ ಪರಿಹಾರಕ್ಕೆ ಅರ್ಜಿ ಹಾಕಿ. ಅರ್ಜಿಗೆ ನೆರವು ಬೇಕಾದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.