ಫ್ಲೈಯಿಂಗ್ ಸ್ಕೂಲಿಗೆ ದುಡ್ಡು ಕಟ್ಟುವ ಮೊದಲು ಹ್ಯಾಂಗರ್ ನೋಡಿ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ನೆಂಟರು, ನೆಂಟರ ನೆಂಟರು, ಯಾರೋ ನಂಬರ್ ಕೊಟ್ಟರು ಅಂತ ಮಾಡುವವರು. "ಸರ್, ಮಗಳು ಪೈಲಟ್ ಆಗ್ತೀನಿ ಅಂತಿದ್ದಾಳೆ. ಯಾವ ಸ್ಕೂಲಿಗೆ ಹಾಕೋದು?" ನಾನು ಪೈಲಟ್ ಅಲ್ಲ. ಟ್ರೇನಿಂಗ್ ವಿಮಾನಗಳನ್ನು ಬಿಚ್ಚಿ ಜೋಡಿಸಿ, ಇದು ಹಾರಬಹುದು ಅಂತ ಸಹಿ ಹಾಕುವ ಇಂಜಿನಿಯರ್ ಆಗಿದ್ದವನು. ಹಾಗಾಗಿ ನನ್ನ ಉತ್ತರ ಯಾವಾಗಲೂ ಹ್ಯಾಂಗರಿನಿಂದಲೇ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್ಡಿನಿಂದಲೇ, ಶುರುವಾಗುತ್ತದೆ.

ಅದಕ್ಕೂ ಮೊದಲು ಮೆಡಿಕಲ್ ಮುಗಿಸಿ. ಡಿಜಿಸಿಎ, ಅಂದರೆ ವಿಮಾನಯಾನದ ಮೇಲೆ ಕಣ್ಣಿಡುವ ಕೇಂದ್ರ ಸಂಸ್ಥೆ, ಒಪ್ಪಿದ ಡಾಕ್ಟರ ಹತ್ತಿರ ಕ್ಲಾಸ್ 2 ತಪಾಸಣೆ, ಆಮೇಲೆ ಕ್ಲಾಸ್ 1. ಇವೆರಡೂ ಆಗದೆ ಯಾವ ಸ್ಕೂಲಿಗೂ ದೊಡ್ಡ ಮೊತ್ತ ಕೊಡಬೇಡಿ. ಕನ್ನಡಕ ಇದೆ ಅಂತ ಹೆದರುವವರೇ ಜಾಸ್ತಿ, ಅದಕ್ಕೆ ಅವಕಾಶವಿದೆ. ಬಣ್ಣ ಗುರುತಿಸಲು ಕಷ್ಟಪಡುವ ಕಣ್ಣು ಮಾತ್ರ ದೊಡ್ಡ ತೊಡಕು. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು. ಕಾಮರ್ಸ್ ಓದಿದವರು ಎನ್‌ಐಒಎಸ್ ಅನ್ನುವ ಮುಕ್ತ ಶಾಲೆಯಲ್ಲಿ ಆ ಎರಡು ವಿಷಯ ಬರೆದು ಬರಬಹುದು.

ಸ್ಕೂಲ್‌ಗಳ ಪಟ್ಟಿ ಡಿಜಿಸಿಎ ವೆಬ್‌ಸೈಟಿನಲ್ಲೇ ಇದೆ. 2025ರಿಂದ ಅವರು ಸ್ಕೂಲ್‌ಗಳಿಗೆ ದರ್ಜೆಯನ್ನೂ ಕೊಡುತ್ತಿದ್ದಾರೆ, ಎ ಪ್ಲಸ್ ಪ್ಲಸ್‌ನಿಂದ ಸಿ ತನಕ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ. ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ದರ್ಜೆಗಳಲ್ಲಿ ಒಂದು ಸ್ಕೂಲೂ ಇರಲಿಲ್ಲ! ಆದ್ದರಿಂದ "ನಾವೇ ದೇಶಕ್ಕೆ ನಂಬರ್ ಒನ್" ಅನ್ನುವ ಬೋರ್ಡು ಕಂಡರೆ ಸುಮ್ನೆ ನಕ್ಕು ಒಳಗೆ ಹೋಗಿ. ಆ ಪಟ್ಟಿಯಿಂದ ನಾಲ್ಕೈದು ಹೆಸರು ಗುರುತು ಹಾಕಿಕೊಂಡು, ಖುದ್ದು ಹೋಗಿ ನೋಡುವುದೇ ಸರಿ.

ಹೋದಾಗ ಕೌನ್ಸೆಲರ್ ಎಸಿ ರೂಮಿನಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಕಾಫಿ ಕುಡಿದು, ಹ್ಯಾಂಗರ್ ತೋರಿಸಿ ಅನ್ನಿ. ವಾರದ ದಿನ, ಬೆಳಗ್ಗೆ ಏಳರ ಹೊತ್ತಿಗೆ ಹೋಗಿ. ಗಾಳಿ ಶಾಂತವಾಗಿರುವ ಆ ಹೊತ್ತಿನಲ್ಲಿ ವಿಮಾನಗಳೆಲ್ಲ ಮೇಲಿರಬೇಕು. ಆಗಲೂ ಒಳಗೆ ಸಾಲಾಗಿ ನಿಂತಿದ್ದರೆ ಯಾಕೆ ಅಂತ ಕೇಳಿ.

ನಿಂತ ವಿಮಾನಗಳನ್ನು ಹತ್ತಿರದಿಂದ ನೋಡಿ. ದಿನಾ ಹಾರುವ ವಿಮಾನದ ರೆಕ್ಕೆಯ ಮುಂದಿನ ಅಂಚಿನಲ್ಲಿ ಸತ್ತ ಹುಳಗಳ ಕಲೆ ಇರುತ್ತದೆ. ಹೊಟ್ಟೆಯ ಕೆಳಗೆ ಎಕ್ಸಾಸ್ಟಿನ ಮಸಿ, ಒಂದಿಷ್ಟು ಆಯಿಲ್ ಜಿಡ್ಡು ಇರುತ್ತದೆ. ಅದು ಕೊಳಕಲ್ಲ, ದುಡಿಮೆಯ ಗುರುತು. ಟೈರಿನ ಗಾಳಿ ಇಳಿದಿದ್ದರೆ, ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿದ್ದರೆ, ಪಿಟೋ (ವೇಗ ಅಳೆಯುವ ಕೊಳವೆ) ಕವರಿನ ಕೆಂಪು ಬಣ್ಣ ಬಿಸಿಲಿಗೆ ಬೆಳ್ಳಗಾಗಿದ್ದರೆ ಆ ವಿಮಾನ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಒಂದರ ಮ್ಯಾಗ್ನೆಟೋ (ಇಂಜಿನ್ನಿಗೆ ಕಿಡಿ ಕೊಡುವ ಭಾಗ) ತೆಗೆದು ಇನ್ನೊಂದಕ್ಕೆ ಹಾಕುವುದಕ್ಕೆ ನಮ್ಮಲ್ಲಿ 'ರಾಬ್ ಮಾಡೋದು' ಅಂತಾರೆ. ಒಂದೆರಡು ದಿನಕ್ಕೆ ಅಂತ ಶುರುವಾಗುತ್ತದೆ. ಬಿಡಿಭಾಗ ತರಿಸಲು ದುಡ್ಡಿಲ್ಲದ ಕಡೆ, ಹಾಗೆ ಕಳಚಿದ ವಿಮಾನ ಮತ್ತೆ ಎದ್ದು ನಿಲ್ಲುವುದೇ ಇಲ್ಲ. ಬ್ರೋಷರಿನಲ್ಲಿ ಮಾತ್ರ ಅದರ ಫೋಟೋ ಫಳಫಳ ಹೊಳೆಯುತ್ತಿರುತ್ತದೆ.

ಈಗ ಕಾಗದ, ಪೆನ್ನು ತೆಗೆದುಕೊಳ್ಳಿ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. 60 ಮಕ್ಕಳಿದ್ದರೆ 12,000 ಗಂಟೆ. 6 ವಿಮಾನ ಇದ್ದರೆ ಒಂದೊಂದರ ಪಾಲಿಗೆ 2000. 50 ಗಂಟೆಗೊಮ್ಮೆ, 100 ಗಂಟೆಗೊಮ್ಮೆ ಇನ್ಸ್‌ಪೆಕ್ಷನ್ ಇದೆ, ಮಳೆ ಇದೆ, ಸ್ನ್ಯಾಗ್ ಅಂದರೆ ಸಣ್ಣಪುಟ್ಟ ದೋಷ ಇದೆ. ಒಂದು ವಿಮಾನ ವರ್ಷಕ್ಕೆ 700 ಗಂಟೆ ಹಾರಿದರೆ ನಾನು ಆ ಹ್ಯಾಂಗರಿನ ಹುಡುಗರ ಬೆನ್ನು ತಟ್ಟುತ್ತೇನೆ. ಆ ಲೆಕ್ಕದಲ್ಲೂ ಹತ್ತಿರಹತ್ತಿರ ಮೂರು ವರ್ಷ ಆಯಿತಲ್ವಾ? ಆರರಲ್ಲಿ ಎರಡು ನಿಂತಿದ್ದರೆ ನಾಲ್ಕು ವರ್ಷ ದಾಟಿತು. ಜೊತೆಗೆ ಟ್ರೇನಿಂಗಿಗೆ ಬಳಸುವ ಸೆಸ್ನಾ 172ರ ಇಂಜಿನ್ 2000 ಗಂಟೆಗೆ ಓವರ್‌ಹಾಲಿಗೆ ಹೋಗಬೇಕು. ಬದಲಿ ಇಂಜಿನ್ ಸಿದ್ಧವಿಲ್ಲದಿದ್ದರೆ ಅಷ್ಟು ದಿನ ಆ ವಿಮಾನವೂ ಕಟ್. ಕೌನ್ಸೆಲರ್ ಹೇಳಿದ "ಹದಿನೆಂಟು ತಿಂಗಳು" ಎಲ್ಲಿಂದ ಬಂತು ಅಂತ ಈ ಕಾಗದ ಮುಂದಿಟ್ಟುಕೊಂಡೇ ಕೇಳಿ.

ಉತ್ತರ ಬರದಿದ್ದರೆ ಕ್ಯಾಂಟೀನಿಗೆ ಹೋಗಿ. ಕೋರ್ಸು ಅರ್ಧ ಮುಗಿಸಿದ ಹುಡುಗನೋ ಹುಡುಗಿಯೋ ಸಿಕ್ಕರೆ ಚಹಾ ಕೊಡಿಸಿ, ಹಾರಾಟ ಬರೆದಿಡುವ ಲಾಗ್‌ಬುಕ್ ತೋರಿಸ್ತೀಯಾ ಅಂತ ಕೇಳಿ. ಗಂಟೆಗಳ ಮೊತ್ತ ಬೇಡ, ತಾರೀಖಿನ ಕಾಲಂ ಮಾತ್ರ ನೋಡಿ. 3, 4, 6, 9 ಅಂತ ಹೋಗುತ್ತಿದ್ದರೆ ಒಳ್ಳೆಯದು. 4ನೇ ತಾರೀಖು ಆದಮೇಲೆ ಮುಂದಿನ ತಿಂಗಳ 11 ಬಂದರೆ ಬೆರಳಿಟ್ಟು ಯಾಕೆ ಅನ್ನಿ. ಅಷ್ಟು ದಿನ ಬಿಟ್ಟರೆ ಕೈ ಮರೆಯುತ್ತದೆ. ಮತ್ತೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಚೆಕ್ ಸಾರ್ಟಿ, ಅಂದರೆ ಕೈ ಪರೀಕ್ಷಿಸುವ ಹಾರಾಟ, ಮಾಡಬೇಕು. ತಪ್ಪು ಸ್ಕೂಲಿನದು, ಆ ಸಾರ್ಟಿಯ ಹೊರೆ ನಿಮ್ಮದು. ನನಗೆ ಗೊತ್ತಿರುವ ಒಂದು ಸ್ಕೂಲಿನಲ್ಲಿ ಮಕ್ಕಳು ಹೀಗೇ ಕಾದು ಕಾದು, ಪಾಸಾದ ಡಿಜಿಸಿಎ ಪೇಪರ್‌ಗಳ ಅವಧಿ ಮುಗಿದೀತು ಅಂತ ಒದ್ದಾಡುತ್ತಿದ್ದರು. ಇಂಜಿನಿಯರ್‌ಗಳಾದ ನಮಗೆ ಅವರ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಇನ್‌ಸ್ಟ್ರಕ್ಟರ್‌ಗಳ ವಿಷಯ ಚಿಕ್ಕದು. ಮೊದಲ ಸೋಲೋಗೆ, ಅಂದರೆ ಒಬ್ಬರೇ ಹಾರಲು, ಕಳಿಸುವ ಅಧಿಕಾರ ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್‌ಗೆ ಇಲ್ಲ, ಪೂರ್ಣ ರೇಟಿಂಗ್ ಇರುವವರೇ ಬೇಕು. ಅಂಥವರು ಎಷ್ಟು ಜನ, ಈ ಸ್ಕೂಲಿನಲ್ಲಿ ಎಷ್ಟು ಕಾಲದಿಂದ ಇದ್ದಾರೆ, ಇಷ್ಟೇ ಕೇಳಿ. ಬಹಳಷ್ಟು ಯುವ ಇನ್‌ಸ್ಟ್ರಕ್ಟರ್‌ಗಳು ಏರ್‌ಲೈನ್ ಕೆಲಸಕ್ಕೆ ಕಾಯುತ್ತಾ ಕಲಿಸುತ್ತಿರುತ್ತಾರೆ. ಕರೆ ಬಂತೆಂದರೆ ಮಾರನೇ ತಿಂಗಳು ಹೊರಟರು.

ಊರು ಯಾವುದು ಅನ್ನುವುದು ಹಾಸ್ಟೆಲ್ ಊಟಕ್ಕಿಂತ ಮುಖ್ಯ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಸ್ಕೂಲಿದೆ. ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿರುವ ಜಾಗ, ಹವೆ ತಂಪು. ಆದರೆ ಪಕ್ಕದಲ್ಲೇ ಯಲಹಂಕ ವಾಯುನೆಲೆ. ಅಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂದರೆ ಆಕಾಶ ಅವರದು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಸ್ಕೂಲ್ ತೆರೆಯಲು ಜಾಗ ಕೊಟ್ಟ ಐದು ಊರುಗಳಲ್ಲಿ ನಮ್ಮ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಬೆಳಗಾವಿಯಲ್ಲಿ ಮಳೆಗಾಲ ಅಂದರೆ ಮಳೆಗಾಲವೇ, ಜೂನ್‌ನಿಂದ ಸೆಪ್ಟೆಂಬರ್ ತನಕ ಕಿಟಕಿ ಪಕ್ಕ ಕೂತು ಓದುವುದಕ್ಕೇ ಹೆಚ್ಚು ಟೈಮ್. ಕಲಬುರಗಿಯಲ್ಲಿ ಮಳೆ ಕಮ್ಮಿ, ಆದರೆ ಏಪ್ರಿಲ್ ಮಧ್ಯಾಹ್ನದ ಕಾವಿಗೆ ಸಣ್ಣ ಇಂಜಿನ್ ಉಸ್ಸಪ್ಪಾ ಅನ್ನುತ್ತದೆ. ಅಮೇಠಿ ಹತ್ತಿರದ ಫುರ್ಸತ್‌ಗಂಜ್‌ನ ಕೇಂದ್ರ ಸರ್ಕಾರದ ಅಕಾಡೆಮಿಗೆ ಒಳ್ಳೆಯ ಹೆಸರಿದೆ. ಅಲ್ಲಿಯ ಕಷ್ಟ ಡಿಸೆಂಬರ್, ಜನವರಿಯ ಮಂಜು.

ಏರ್‌ಲೈನ್ ವಿಮಾನಗಳು ಬಂದುಹೋಗುವ ನಿಲ್ದಾಣವಾದರೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ. ಹಾರಾಟದ ಸಮಯವನ್ನು ಚಕ್ರಕ್ಕೆ ಅಡ್ಡ ಇಡುವ ಚಾಕ್ ತೆಗೆದಾಗಿನಿಂದ ಚಾಕ್ ಹಾಕುವ ತನಕ ಲೆಕ್ಕ ಹಾಕುತ್ತಾರೆ. ಮುಂದೆ ದೊಡ್ಡ ವಿಮಾನ ಇಳಿಯುತ್ತಿದೆ ಅಂತ ಇಂಜಿನ್ ಓಡಿಸಿಕೊಂಡು ರನ್‌ವೇಗೆ ಮೊದಲು ಕಾಯುವ ಹೋಲ್ಡಿಂಗ್ ಪಾಯಿಂಟಿನಲ್ಲಿ ನಿಂತ ಹದಿನೈದು ನಿಮಿಷವೂ ನಿಮ್ಮ 200 ಗಂಟೆಯೊಳಗೇ ಬರುತ್ತದೆ. ಕಲಿತದ್ದು ಏನೂ ಇಲ್ಲ. ರಾತ್ರಿ ಹಾರಾಟ 5 ಗಂಟೆ ಕಡ್ಡಾಯ, ಅದಕ್ಕೆ ಲೈಟಿರುವ ರನ್‌ವೇ ಅಲ್ಲೇ ಇದೆಯೋ, ಬೇರೆ ಊರಿಗೆ ಕಳಿಸಿ ಸರದಿ ಕಾಯಿಸುತ್ತಾರೋ ಅನ್ನುವುದನ್ನೂ ಕೇಳಿ.

ಇನ್ನು ದುಡ್ಡು. ಒಟ್ಟು ಖರ್ಚು ಅರ್ಧ ಕೋಟಿ ದಾಟುವುದು ಈಗ ಮಾಮೂಲಿ. ಒಂದೇ ಸಲ ಕಟ್ಟಿದರೆ ಇಷ್ಟು ಡಿಸ್ಕೌಂಟ್ ಅಂತ ಆಸೆ ತೋರಿಸುತ್ತಾರೆ, ಬೀಳಬೇಡಿ. ಹಾರಿದ ಗಂಟೆಗೆ ತಕ್ಕಂತೆ ಕಂತು ಕಟ್ಟುವ ಹಾಗೆ ಒಪ್ಪಂದ ಬರೆಸಿ. ಅವ್‌ಗ್ಯಾಸ್ (ಸಣ್ಣ ವಿಮಾನದ ಪೆಟ್ರೋಲ್) ದರ ಏರಿದರೆ ಯಾರು ಕೊಡುವುದು? ಮಲ್ಟಿ ಇಂಜಿನ್ ವಿಮಾನದ ತರಬೇತಿ, ಲ್ಯಾಂಡಿಂಗ್ ಚಾರ್ಜ್, ಹಾಸ್ಟೆಲ್ ಫೀಸಿನ ಒಳಗೋ ಹೊರಗೋ? ನಡುವೆ ಬಿಟ್ಟರೆ ವಾಪಸ್ ಎಷ್ಟು, ಎಷ್ಟು ದಿನದಲ್ಲಿ? ಬಾಯಿಮಾತು ಬೇಡ, ಲೆಟರ್‌ಹೆಡ್ಡಿನಲ್ಲಿ ಬೇಕು.

ಅಮೆರಿಕಕ್ಕೋ ದಕ್ಷಿಣ ಆಫ್ರಿಕಾಕ್ಕೋ ಹೋದರೆ ಬೇಗ ಮುಗಿಯುತ್ತದೆ ಅನ್ನುವುದು ಬಹುಮಟ್ಟಿಗೆ ನಿಜ. ಆದರೆ ವಾಪಸ್ ಬಂದು ಇಲ್ಲಿಯ ಪೇಪರ್ ಬರೆದು, ಚೆಕ್ ಕೊಟ್ಟು, ಲೈಸೆನ್ಸ್ ಬದಲಾಯಿಸಿಕೊಳ್ಳಬೇಕು. ಆ ತಿಂಗಳುಗಳನ್ನೂ ಸೇರಿಸಿ ಹೋಲಿಸಿ. ಇಲ್ಲೇ ಆಗಲಿ ಅಲ್ಲೇ ಆಗಲಿ, ಲೈಸೆನ್ಸ್ ಕೈಗೆ ಬಂದ ಮೇಲೆ ಏರ್‌ಬಸ್ 320 ಥರದ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನೇ ಓಡಿಸುವ ಅರ್ಹತೆ, ಬೇಕು. ಅದಕ್ಕೆ ಮತ್ತೆ ಲಕ್ಷಗಟ್ಟಲೆ. ಬ್ಯಾಂಕಿಗೆ ಸಾಲದ ಅರ್ಜಿ ಹಾಕುವಾಗ ಅದನ್ನೂ ಸೇರಿಸಿಯೇ ಕೇಳಿ.