ಕಚೇರಿಯೊಳಗೆ ಗಿಡ: ಮಲೆನಾಡಿನ ಹವೆಗೆ ಹೊಂದುವ ಕ್ರಮ

ಕುಂಡದ ಗಿಡಗಳು ಕಚೇರಿಯ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬ ನಂಬಿಕೆ ಬಹುಮಟ್ಟಿಗೆ 1989ರಲ್ಲಿ ನಾಸಾ ಪ್ರಕಟಿಸಿದ ಒಂದು ಪ್ರಯೋಗದಿಂದ ಹಬ್ಬಿತು. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಗಳಲ್ಲಿ. ಕಟ್ಟಡದ ಸಹಜ ಗಾಳಿಯಾಟದಷ್ಟು ಫಲ ಗಿಡಗಳಿಂದಲೇ ಸಿಗಬೇಕಾದರೆ ಪ್ರತಿ ಚದರ ಮೀಟರ್‌ಗೆ ಕನಿಷ್ಠ 10 ಗಿಡ ಬೇಕಾದೀತು ಎಂದು 2019ರ ಒಂದು ವಿಮರ್ಶಾ ಅಧ್ಯಯನ ಲೆಕ್ಕ ಹಾಕಿದೆ. ಹಾಗೆ ಇಟ್ಟರೆ ಮೇಜು, ಕುರ್ಚಿಗಳಿಗೇ ಜಾಗ ಉಳಿಯದು. ಗಾಳಿಗೆ ಕಿಟಕಿ ತೆರೆಯುವುದೇ ದಾರಿ.

ಗಿಡದಿಂದ ನಿರೀಕ್ಷಿಸಬಹುದಾದ ಲಾಭ ಬೇರೆಯದು. ನಾರ್ವೆಯಲ್ಲಿ 51 ಮಂದಿ ಕಚೇರಿ ನೌಕರರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಿಡಗಳಿದ್ದ ಅವಧಿಯಲ್ಲಿ ದಣಿವು, ಕೆಮ್ಮು, ಗಂಟಲು ಒಣಗುವುದು ಮುಂತಾದ ದೂರುಗಳು ಒಟ್ಟಾರೆ ಶೇ 23ರಷ್ಟು ಕಡಿಮೆಯಾಗಿದ್ದವು. ಅದೇ ದೇಶದ 385 ನೌಕರರನ್ನು ಕುರಿತ 2007ರ ಅಧ್ಯಯನ, ಮೇಜಿನ ಹತ್ತಿರವಿರುವ ಗಿಡಗಳಿಗೂ ಅನಾರೋಗ್ಯ ರಜೆ ಕಡಿಮೆಯಾಗಿರುವುದಕ್ಕೂ ನಂಟನ್ನು ಗುರುತಿಸಿತು. ನಂಟು ಸಣ್ಣದು, ಗಿಡವೇ ಕಾರಣವೆಂದು ಅದರಿಂದ ಸಿದ್ಧವಾಗುವುದೂ ಇಲ್ಲ. ಆದರೂ ಸ್ವಾಗತ ಕೊಠಡಿಯ ಮೂಲೆಯಲ್ಲಿ ದೊಡ್ಡ ಕುಂಡಗಳನ್ನು ಸಾಲಾಗಿ ನಿಲ್ಲಿಸುವುದಕ್ಕಿಂತ, ಕೆಲಸ ಮಾಡುವವರ ಕಣ್ಣಿಗೆ ಬೀಳುವಂತೆ ಒಂದೆರಡನ್ನು ಇಡುವುದು ಜಾಣತನ ಎನ್ನಲು ಇಷ್ಟು ಸಾಕು.

ಮೊದಲ ಕೆಲಸ ಜಾಗದ ಆಯ್ಕೆ. ಚಿಕ್ಕಮಗಳೂರಿನಲ್ಲಿ ಬೇಸಿಗೆಯ ಬೆಳಕನ್ನು ನೋಡಿ ಜಾಗ ಗೊತ್ತುಮಾಡಿದರೆ ಆಷಾಢದಲ್ಲಿ ಗಿಡ ಸೊರಗುತ್ತದೆ. ಮೋಡ ಕವಿದ ಮಧ್ಯಾಹ್ನ ದೀಪ ಹಾಕದೆ ಪತ್ರಿಕೆ ಓದಲು ಸಾಧ್ಯವಾಗುವ ಜಾಗವನ್ನು ಆರಿಸಿಕೊಳ್ಳಿ. ಅಲ್ಲಿ ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್ ಚೆನ್ನಾಗಿ ಬರುತ್ತವೆ. ಇನ್ನೂ ಮಬ್ಬಾದ ಕಡೆ ಸ್ನೇಕ್ ಪ್ಲಾಂಟ್ ತಡೆದುಕೊಳ್ಳುತ್ತದೆ. ನೌಕರರ ಮಕ್ಕಳು ಬಂದುಹೋಗುವ ಕಚೇರಿಯಾದರೆ ಡೈಫನ್‌ಬೇಕಿಯಾ ಬೇಡ, ಅದರ ಎಲೆ, ಕಾಂಡ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಮನಿ ಪ್ಲಾಂಟನ್ನೂ ಕೈಗೆಟುಕದಷ್ಟು ಎತ್ತರದಲ್ಲಿಡಿ.

ಕುಂಡದ ತಳದಲ್ಲಿ ರಂಧ್ರವಿರಲೇಬೇಕು. ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನೂ ಪೂರ್ತಿ ಕಳಿತ ಗೊಬ್ಬರವನ್ನೂ ಬೆರೆಸಿ. ಅರಸೀಕೆರೆ, ಚನ್ನರಾಯಪಟ್ಟಣದಂಥ ತೆಂಗಿನ ಸೀಮೆ ಹತ್ತಿರವೇ ಇರುವುದರಿಂದ ನಾರಿನ ಪುಡಿಗೆ ಬರವಿಲ್ಲ. ಹಸಿ ಸಗಣಿ ಹಾಕಿದರೆ ನೊಣಗಳು ಮುತ್ತುತ್ತವೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ನೀರಿನ ವಿಷಯದಲ್ಲಿ. ಹೀಟರ್‌ನಿಂದ ಒಣಗಿದ ನಾರ್ವೆಯ ಕೋಣೆಗೆ ಗಿಡ ಬಿಡುವ ತೇವ ಹಿತವಾಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮೂಡಿಗೆರೆ, ಶೃಂಗೇರಿಯ ಕಚೇರಿಗಳಲ್ಲಿ ಹೆಚ್ಚುವರಿ ತೇವ ಬೂಷ್ಟನ್ನು ಬೆಳೆಸುತ್ತದೆ, ಬೂಷ್ಟು ಉಬ್ಬಸದವರನ್ನು ಕಾಡುತ್ತದೆ. ಮಣ್ಣಿನಲ್ಲಿ ಬೆರಳಿನ ಎರಡು ಗೆಣ್ಣು ಇಳಿಸಿ, ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಕಡೂರಿನ ಬಯಲುಸೀಮೆಗೆ ಒಪ್ಪುವ ನೀರಿನ ವೇಳಾಪಟ್ಟಿ ಇಲ್ಲಿಗೆ ಒಪ್ಪದು.

ಕುಂಡದಡಿಯ ತಟ್ಟೆ ಇನ್ನೂ ಅಪಾಯಕಾರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆ ಸೊಳ್ಳೆಯಾಗಲು ಸುಮಾರು ವಾರದಿಂದ 10 ದಿನ ಸಾಕು. ಗಿಡದಿಂದ ಉಳಿದ ರಜೆಗಳಿಗಿಂತ ಹೆಚ್ಚಿನದನ್ನು ಒಂದೇ ಡೆಂಗಿ ಪ್ರಕರಣ ನುಂಗಬಲ್ಲದು. ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿದರಷ್ಟೇ ಸಾಲದು, ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕುವುದರಿಂದ ಉಜ್ಜಿ ತೊಳೆಯಬೇಕು. ಮೇಜಿನ ಮೇಲೆ ಬಾಟಲಿಯಲ್ಲಿ ಬೆಳೆಸಿದ ಮನಿ ಪ್ಲಾಂಟಿನ ನೀರಿಗೂ ಇದೇ ನಿಯಮ. ಈ ಕೆಲಸವನ್ನು "ಎಲ್ಲರೂ ನೋಡಿಕೊಳ್ಳಿ" ಎಂದು ಬಿಡದೆ ಒಬ್ಬರಿಗೆ ಒಪ್ಪಿಸಿ, ಅವರು ರಜೆ ಹೋದಾಗ ಯಾರು ಮಾಡಬೇಕೆಂಬುದನ್ನೂ ಬರೆದಿಡಿ.

ಕೊನೆಗೆ, ಗಿಡ ಇಟ್ಟ ಮೇಲೆ ಅನಾರೋಗ್ಯ ರಜೆ ಕಡಿಮೆಯಾಯಿತೇ ಎಂದು ನೋಡುವ ಹಾಜರಾತಿಯ ಲೆಕ್ಕ. ಮಳೆಗಾಲದ ಶೀತ, ಜ್ವರದ ರಜೆಗಳನ್ನು ಬೇಸಿಗೆಯೊಂದಿಗೆ ಹೋಲಿಸಿದರೆ ತಪ್ಪು ಅರ್ಥ ಬರುತ್ತದೆ. ಈ ವರ್ಷದ ಜುಲೈಯನ್ನು ಹಿಂದಿನ ವರ್ಷದ ಜುಲೈ ಜೊತೆಗೇ ಇಟ್ಟು ನೋಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೆಲಸಕ್ಕೆಂದು ಹಾಕುವ ರಜೆಗಳನ್ನು ಅನಾರೋಗ್ಯದ ಲೆಕ್ಕಕ್ಕೆ ಸೇರಿಸಬೇಡಿ.